ಲೇಖಕಿಯೇ ಇಲ್ಲದ ಕಾದಂಬರಿ

1969ರಲ್ಲಿ ಅಮೆರಿಕದ ಪುಸ್ತಕದಂಗಡಿಗಳಿಗೆ ಪೆನೆಲೋಪ್ ಆ್ಯಶ್ ಎಂಬ ಹೊಸ ಲೇಖಕಿಯ ಕಾದಂಬರಿಯೊಂದು ಬಂತು. ಹೆಸರು ‘ನೇಕೆಡ್ ಕೇಮ್ ದ ಸ್ಟ್ರೇಂಜರ್’. ಗಂಡನ ಮೇಲಿನ ಸೇಡಿಗಾಗಿ ನೆರೆಹೊರೆಯ ಗಂಡಸರನ್ನು ಒಬ್ಬೊಬ್ಬರಾಗಿ ಬಲೆಗೆ ಕೆಡಹುವ ಹೆಂಗಸಿನ ಕಥೆ ಅದು. ಲೇಖಕಿ ಸಂದರ್ಶನಗಳನ್ನು ಕೊಟ್ಟಳು, ಫೋಟೋ ತೆಗೆಸಿಕೊಂಡಳು. ಸುಮಾರು 20,000 ಪ್ರತಿಗಳು ಖರ್ಚಾದವು. ಆದರೆ ಪೆನೆಲೋಪ್ ಆ್ಯಶ್ ಎಂಬ ಹೆಂಗಸೇ ಇರಲಿಲ್ಲ!

ಇದು ‘ನ್ಯೂಸ್‌ಡೇ’ ಪತ್ರಿಕೆಯ ಅಂಕಣಕಾರ ಮೈಕ್ ಮೆಗ್ರೇಡಿಯ ಕರಾಮತ್ತು. ಲೈಂಗಿಕತೆಯ ಮಸಾಲೆ ಮತ್ತು ಲೇಖಕರ ತಾರಾಮೌಲ್ಯ, ಇವೆರಡೇ ಸಾಕು, ಸಾಹಿತ್ಯಗುಣ ಬೇಕಿಲ್ಲ ಎಂಬ ಪ್ರಕಾಶನಲೋಕದ ನಂಬಿಕೆಯನ್ನು ಆತ ಗೇಲಿ ಮಾಡಬೇಕೆಂದಿದ್ದ. ಎರಡು ಡಜನ್ ಸಹೋದ್ಯೋಗಿಗಳಿಗೆ ತಲಾ ಒಂದು ಅಧ್ಯಾಯ ಹಂಚಿದ. ಷರತ್ತು: ಬರವಣಿಗೆ ಕೆಟ್ಟದಾಗಿರಬೇಕು. ಚೆನ್ನಾಗಿ ಬರೆದುಬಿಟ್ಟವರ ಅಧ್ಯಾಯಗಳನ್ನು ತಿದ್ದಿ ಕೆಡಿಸಬೇಕಾಯಿತಂತೆ! ಲೇಖಕಿಯ ವೇಷ ಹಾಕಿದವಳು ಮೆಗ್ರೇಡಿಯ ನಾದಿನಿ ಬಿಲ್ಲಿ ಯಂಗ್.

ಕೊನೆಗೆ ಗುಟ್ಟು ರಟ್ಟಾಯಿತು. ಡೇವಿಡ್ ಫ್ರಾಸ್ಟ್‌ನ ಟೆಲಿವಿಷನ್ ಕಾರ್ಯಕ್ರಮದಲ್ಲಿ ಪೆನೆಲೋಪ್ ಆ್ಯಶ್ ಎಂದು ಕರೆದಾಗ ವೇದಿಕೆಗೆ ಬಂದದ್ದು ಸಾಲುಸಾಲು ಗಂಡಸರು. ಓದುಗರು ಮುನಿಸಿಕೊಂಡರೆ? ಇಲ್ಲ. ಮಾರಾಟ ಇನ್ನೂ ಏರಿತು. ಅಣಕಕ್ಕೆ ಗುರಿಯಾದ ಸಂತೆಯೇ ಅಣಕವನ್ನೂ ಸರಕಾಗಿಸಿ ಮಾರಿಕೊಂಡಿತು. ಹೀಗಾಗಿ ಮೆಗ್ರೇಡಿ ಗೆದ್ದನೋ ಸೋತನೋ ಹೇಳುವುದು ಕಷ್ಟ.

ಕನ್ನಡದಲ್ಲಿ ಇದಕ್ಕೆ ಹತ್ತಿರದ ವಸ್ತುವನ್ನು ರಂಗಕ್ಕೆ ತಂದವರು ಗಿರೀಶ ಕಾರ್ನಾಡ. ಧಾರವಾಡದ ಸಪ್ತಾಪುರದ ಬದಿಯ ಕರ್ನಾಟಕ ಕಾಲೇಜಿನಲ್ಲಿ (ಆ ಬಡಾವಣೆ ಈಗ ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿ ಕೇಂದ್ರಗಳಿಂದಲೇ ಹೆಚ್ಚು ಪರಿಚಿತ) 1958ರಲ್ಲಿ ಪದವಿ ಪಡೆದ ಅವರಿಗೆ ಇಂಗ್ಲಿಷ್ ಕವಿಯಾಗಿ ಹೆಸರು ಮಾಡುವ ಹಂಬಲವಿತ್ತು. ಅವರೇ ಹೇಳಿಕೊಂಡ ಮಾತಿದು. ಬರೆದದ್ದು ಮಾತ್ರ ಕನ್ನಡದ ‘ಯಯಾತಿ’. 1961ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆ ಅದನ್ನು ಪ್ರಕಟಿಸಿತು.

2005ರಲ್ಲಿ ಬೆಂಗಳೂರಿನ ರಂಗಶಂಕರದಲ್ಲಿ ಪ್ರದರ್ಶನಗೊಂಡ ಅವರ ‘ಒಡಕಲು ಬಿಂಬ’ಕ್ಕೆ ಆ ಹಂಬಲದ ನೆನಪೂ ಸೇರಿರಬಹುದು. ನಾಯಕಿ ಮಂಜುಳಾ ನಾಯಕ್ ಕನ್ನಡದ ಕಥೆಗಾರ್ತಿ. ಇಂಗ್ಲಿಷಿನಲ್ಲಿ ಒಂದು ಕಾದಂಬರಿ ಬಂದದ್ದೇ ತಡ, ಜಗತ್ಪ್ರಸಿದ್ಧೆ. ಟೆಲಿವಿಷನ್ ಸ್ಟುಡಿಯೋದಲ್ಲಿ ಕ್ಯಾಮೆರಾದ ಮುಂದೆ ಕುಳಿತು ಕನ್ನಡ ಬಿಟ್ಟು ಇಂಗ್ಲಿಷಿನಲ್ಲಿ ಯಾಕೆ ಬರೆದೆ, ತೀರಿಕೊಂಡ ಅಂಗವಿಕಲ ತಂಗಿ ಮಾಲಿನಿ ಹೇಗೆ ಸ್ಫೂರ್ತಿಯಾದಳು ಎಂದೆಲ್ಲ ಸೊಗಸಾಗಿ ವಿವರಿಸುತ್ತಾಳೆ. ಭಾಷಣ ಮುಗಿಸಿ ಎದ್ದು ಹೊರಟರೆ ಪರದೆಯ ಮೇಲಿನ ಅವಳದೇ ಬಿಂಬ ಅವಳನ್ನು ತಡೆದು ನಿಲ್ಲಿಸುತ್ತದೆ. ಪ್ರಶ್ನೆಯ ಮೇಲೆ ಪ್ರಶ್ನೆ. ಕಾದಂಬರಿ ಬರೆದವಳು ಮಾಲಿನಿ ಎಂಬುದು ಹೊರಬೀಳುತ್ತದೆ.

ಮೆಗ್ರೇಡಿಯ ಸುಳ್ಳಿನಿಂದ ಯಾರಿಗೂ ನಷ್ಟವಾಗಲಿಲ್ಲ. ಅದನ್ನು ಬಯಲು ಮಾಡಿದವರೂ ಅದನ್ನು ಹೆಣೆದವರೇ. ಮಂಜುಳೆಯದು ಹಾಗಲ್ಲ, ಸತ್ತವಳಿಂದ ಕದ್ದ ಕೀರ್ತಿ. ಅದನ್ನು ಸ್ಟುಡಿಯೋದ ಹೊರಗಿನವರು ಯಾರೂ ಕೇಳಲಿಲ್ಲ. ಕೇಳಿದ್ದು ಪರದೆಯ ಮೇಲಿನ ಮುಖ. ಕೊನೆಗೆ ಮಾತನಾಡುತ್ತಿರುವವಳು ಮಂಜುಳೆಯೋ ಮಾಲಿನಿಯೋ ಎಂಬುದೇ ತಿಳಿಯದಂತಾಗುತ್ತದೆ.