ಹುಲ್ಲುಬಯಲಿನ ಕಾವಲುಗಾರರು

1968ರ ನವೆಂಬರ್ 22, ಶುಕ್ರವಾರ. ಬ್ರಿಟನ್ನಿನ ರೆಕಾರ್ಡ್ ಅಂಗಡಿಗಳಿಗೆ ಅಂದು ಎರಡು ಹೊಸ ಆಲ್ಬಮ್‌ಗಳು ಬಂದವು. ಒಂದು ಬೀಟಲ್ಸ್‌ನದು. ಅಚ್ಚ ಬಿಳಿಯ ಕವರ್, ಒಳಗೆ ಎರಡು ರೆಕಾರ್ಡ್, ಮೂವತ್ತು ಹಾಡು. ಇನ್ನೊಂದು ಕಿಂಕ್ಸ್ ಎಂಬ ನಾಲ್ವರ ಬ್ಯಾಂಡಿನದು. ಹೆಸರೇ ಒಂದು ವಾಕ್ಯದಷ್ಟು ಉದ್ದ: ‘ದ ಕಿಂಕ್ಸ್ ಆರ್ ದ ವಿಲೇಜ್ ಗ್ರೀನ್ ಪ್ರಿಸರ್ವೇಶನ್ ಸೊಸೈಟಿ’. ಮೊದಲನೆಯದು ಮಾರಾಟದ ಪಟ್ಟಿಯಲ್ಲಿ ನೇರ ಮೊದಲ ಸ್ಥಾನಕ್ಕೇರಿತು. ಎರಡನೆಯದು ಪಟ್ಟಿಯೊಳಗೆ ಕಾಲಿಡಲೇ ಇಲ್ಲ. ಬ್ರಿಟನ್ನಿನಲ್ಲೂ ಇಲ್ಲ, ಕೆಲವು ವಾರಗಳ ನಂತರ ಬಿಡುಗಡೆಯಾದ ಅಮೆರಿಕದಲ್ಲೂ ಇಲ್ಲ.

ಹಾಗೆ ಸೋತ ಆಲ್ಬಮ್‌ಗಳು ಸಾಮಾನ್ಯವಾಗಿ ಹಳೇ ರೆಕಾರ್ಡ್ ಮಾರುವವರ ಪೆಟ್ಟಿಗೆ ಸೇರಿ ಅಲ್ಲೇ ಮುಗಿಯುತ್ತವೆ. ಇದು ಮುಗಿಯಲಿಲ್ಲ. ಕೊಂಡವರು ಕಡಿಮೆ, ಆದರೆ ಕೊಂಡವರು ಸುಮ್ಮನಿರಲಿಲ್ಲ. ಇದು ಆ ಬ್ಯಾಂಡಿನ ಅತ್ಯುತ್ತಮ ಕೆಲಸವೋ ಅಲ್ಲವೋ, ಇದರಲ್ಲಿ ಎಷ್ಟು ಹಾಡಿರಬೇಕಿತ್ತು, ಇದು ಹಳೆಯ ಇಂಗ್ಲೆಂಡಿಗಾಗಿ ಅಳುತ್ತಿದೆಯೋ ಅದನ್ನು ನೋಡಿ ನಗುತ್ತಿದೆಯೋ ಎಂದು ಐವತ್ತು ವರ್ಷಕ್ಕೂ ಮೀರಿ ವಾದ ಮಾಡುತ್ತ ಬಂದಿದ್ದಾರೆ. ಆಲ್ಬಮ್ ಉಳಿದದ್ದು ಆ ವಾದದಿಂದಲೇ.

ವಿಲೇಜ್ ಗ್ರೀನ್ ಎಂದರೆ ಇಂಗ್ಲೆಂಡಿನ ಹಳ್ಳಿಗಳ ನಡುವೆ ಇರುವ ಹುಲ್ಲುಬಯಲು. ಊರವರೆಲ್ಲ ಬಳಸುವ ಜಾಗ. ಒಂದು ಕಾಲಕ್ಕೆ ದನ ಮೇಯುತ್ತಿದ್ದವು. ಆಮೇಲೆ ಕ್ರಿಕೆಟ್ಟು, ಜಾತ್ರೆ, ಸಂಜೆಯ ಹರಟೆ. ನಮ್ಮ ಗೋಮಾಳದ ದೂರದ ನೆಂಟ ಎನ್ನಬಹುದು. ಅಂಥ ಬಯಲನ್ನು ಕಾಪಾಡುವ ಸಂಘ ತಾವೇ ಎಂದು ಒಂದು ರಾಕ್ ಬ್ಯಾಂಡ್ ಘೋಷಿಸಿಕೊಂಡದ್ದು ಯಾವ ವರ್ಷದಲ್ಲಿ? ಪ್ಯಾರಿಸ್ಸಿನ ಬೀದಿಗಳಲ್ಲಿ ವಿದ್ಯಾರ್ಥಿಗಳು ಕಲ್ಲು ಕಿತ್ತು ಎಸೆಯುತ್ತಿದ್ದ ವರ್ಷದಲ್ಲಿ. ವಿಯೆಟ್ನಾಂ ಯುದ್ಧದ ವಿರುದ್ಧ ಲಂಡನ್ನಿನ ಗ್ರೋವ್ನರ್ ಚೌಕದಲ್ಲಿ ಕುದುರೆ ಪೊಲೀಸರಿಗೂ ಪ್ರತಿಭಟನಕಾರರಿಗೂ ಘರ್ಷಣೆಯಾದ ವರ್ಷದಲ್ಲಿ. ಜಿಮಿ ಹೆಂಡ್ರಿಕ್ಸ್ ಗಿಟಾರಿನಿಂದ ಬೆಂಕಿ ಹೊರಡಿಸುತ್ತಿದ್ದಾಗ ಇವರು ಪಿಂಗಾಣಿ ಬಟ್ಟಲು, ಸ್ಟ್ರಾಬೆರಿ ಜಾಮ್ ಉಳಿಯಲಿ ಎಂದು ಹಾಡಿದರು.

ಇವರೇನೂ ಮೊದಲಿನಿಂದ ಸಾಧುಗಳಲ್ಲ. ಉತ್ತರ ಲಂಡನ್ನಿನ ಮಸ್ವೆಲ್ ಹಿಲ್ ಕಡೆಯ ರೇ ಡೇವಿಸ್ ಮತ್ತು ಡೇವ್ ಡೇವಿಸ್ ಅಣ್ಣತಮ್ಮಂದಿರು, ಆರು ಜನ ಅಕ್ಕಂದಿರ ಬೆನ್ನಿಗೆ ಹುಟ್ಟಿದವರು. ಬಾಸ್ ಗಿಟಾರಿಗೆ ಪೀಟ್ ಕ್ವೇಫ್, ಡ್ರಮ್ಸಿಗೆ ಮಿಕ್ ಏವರಿ. 1964ರ ‘ಯು ರಿಯಲಿ ಗಾಟ್ ಮಿ’ ಹಾಡಿನಲ್ಲಿ ಕೇಳಿಬರುವ ಆ ಒರಟು, ಹರಿದ ಗಿಟಾರ್ ಸದ್ದಿಗಾಗಿ ಡೇವ್ ತನ್ನ ಆಂಪ್ಲಿಫೈಯರಿನ ಸ್ಪೀಕರನ್ನೇ ಬ್ಲೇಡಿನಿಂದ ಸೀಳಿದ್ದ. ಆ ಹಾಡು ಬ್ರಿಟನ್ನಿನಲ್ಲಿ ಒಂದನೇ ಸ್ಥಾನಕ್ಕೆ ಹೋಯಿತು.

ಈ ಕಥೆಗೆ ಮುಂಬಯಿಯಲ್ಲೂ ಒಂದು ಪುಟವಿದೆ. 1965ರ ಜನವರಿಯಲ್ಲಿ ಆಸ್ಟ್ರೇಲಿಯಾಕ್ಕೆ ಹೋಗುವ ದಾರಿಯಲ್ಲಿ ಬ್ಯಾಂಡ್ ಅಲ್ಲಿ ತಂಗಿತ್ತು. ಬೆಳಗಿನ ಜಾವ ಕೆಲಸಕ್ಕೆ ಹೊರಟ ಮೀನುಗಾರರು ಹಾಡಿಕೊಂಡು ಹೋಗುವುದು ರೇ ಕಿವಿಗೆ ಬಿತ್ತು. ಆ ದನಿಯ ನೆನಪಿನಿಂದ ‘ಸೀ ಮೈ ಫ್ರೆಂಡ್ಸ್’ ಹುಟ್ಟಿತು. ಸಿತಾರ್ ಇಲ್ಲ, ಗಿಟಾರಿನಲ್ಲೇ ತಂಬೂರಿಯಂತೆ ಒಂದು ಶ್ರುತಿಯನ್ನು ಹಿಡಿದು ನಿಲ್ಲಿಸಿದ್ದಾರೆ. ಬೀಟಲ್ಸ್ ಸಿತಾರ್ ಬಳಸಿದ ‘ನಾರ್ವೀಜಿಯನ್ ವುಡ್’ ಬಂದದ್ದು ಅದೇ ವರ್ಷದ ಡಿಸೆಂಬರಿನಲ್ಲಿ, ಇದಾದ ಕೆಲವು ತಿಂಗಳ ನಂತರ. ಹುಲ್ಲುಬಯಲಿನ ಹಾಡುಗಾರನಿಗೆ ಮೊದಲೇ ಇದ್ದ ಒಂದು ಗುಣ ಇಲ್ಲಿ ಕಾಣುತ್ತದೆ. ದಾರಿಯಲ್ಲಿ ಕೇಳಿದ್ದನ್ನು, ಇನ್ನೇನು ಮರೆಯಾಗಲಿರುವುದನ್ನು ಎತ್ತಿಟ್ಟುಕೊಳ್ಳುವ ಗುಣ.

ಅದೇ ವರ್ಷದ ಬೇಸಿಗೆಯಲ್ಲಿ ಅಮೆರಿಕ ಪ್ರವಾಸ ಕೆಟ್ಟಿತು. ಸಂಘಟಕರೊಂದಿಗೆ ಜಗಳ, ಟಿವಿ ಸ್ಟುಡಿಯೋದಲ್ಲಿ ಕೈಕೈ ಮಿಲಾಯಿಸಿದ್ದು, ಹೀಗೆ ಒಂದರ ಮೇಲೊಂದು. ಅಮೆರಿಕದ ಸಂಗೀತಗಾರರ ಯೂನಿಯನ್ ಮುಂದಿನ ನಾಲ್ಕು ವರ್ಷ ಇವರಿಗೆ ಅಲ್ಲಿ ನುಡಿಸಲು ಪರವಾನಗಿ ಕೊಡಲಿಲ್ಲ. ಬ್ರಿಟಿಷ್ ಬ್ಯಾಂಡ್‌ಗಳೆಲ್ಲ ಅಮೆರಿಕದಲ್ಲಿ ಹಣ, ಹೆಸರು ಗಳಿಸುತ್ತಿದ್ದಾಗ ಕಿಂಕ್ಸ್ ಮನೆಯಲ್ಲೇ ಉಳಿದರು. ಹೊರಗಿನ ಬಾಗಿಲು ಮುಚ್ಚಿದ್ದರಿಂದ ರೇ ಮನೆಯ ಸುತ್ತಮುತ್ತಲನ್ನೇ ನೋಡತೊಡಗಿದ ಎಂಬುದು ಅಭಿಮಾನಿಗಳಲ್ಲಿ ಹೆಚ್ಚಿನವರು ಒಪ್ಪುವ ಮಾತು. ಆ ದಿನಗಳಲ್ಲೇ ಥೇಮ್ಸ್ ದಂಡೆಯ ‘ವಾಟರ್ಲೂ ಸನ್‌ಸೆಟ್’ ಬಂತು. 1967ರಲ್ಲಿ ಅದು ಎರಡನೇ ಸ್ಥಾನಕ್ಕೇರಿತು.

‘ವಿಲೇಜ್ ಗ್ರೀನ್’ ಎಂಬ ಒಂಟಿ ಹಾಡು 1966ರ ನವೆಂಬರಿನಲ್ಲೇ ರೆಕಾರ್ಡ್ ಆಗಿತ್ತು. ಉಳಿದವು ಅದರ ಸುತ್ತ ಎರಡು ವರ್ಷದಲ್ಲಿ ನಿಧಾನವಾಗಿ ಕೂಡಿಕೊಂಡವು. ಒಂದು ಸಣ್ಣ ಊರಿನ ಒಂದು ದಿನವನ್ನು ಅಲ್ಲಿಯವರ ದನಿಗಳಲ್ಲೇ ಕೇಳಿಸುವ ಡಿಲನ್ ಥಾಮಸನ ರೇಡಿಯೋ ನಾಟಕ ‘ಅಂಡರ್ ಮಿಲ್ಕ್ ವುಡ್’ ರೇ ಮನಸ್ಸಿನಲ್ಲಿತ್ತು. ನಿರ್ಮಾಪಕನ ಕುರ್ಚಿಯಲ್ಲೂ ಈ ಸಲ ರೇ ತಾನೇ ಕುಳಿತ.

ಇಲ್ಲಿಂದಲೇ ಮೊದಲ ವಾದ ಶುರು. ಸೆಪ್ಟೆಂಬರಿನಲ್ಲಿ ಹನ್ನೆರಡು ಹಾಡುಗಳ ಆಲ್ಬಮ್ ಸಿದ್ಧವಾಗಿತ್ತು. ಕೊನೇ ಗಳಿಗೆಯಲ್ಲಿ ರೇ ಬ್ರಿಟನ್ನಿನ ಬಿಡುಗಡೆಯನ್ನು ತಡೆದ. ಇಪ್ಪತ್ತು ಹಾಡುಗಳನ್ನು ಎರಡು ರೆಕಾರ್ಡಿನಲ್ಲಿ ಕೊಡಬೇಕೆಂದು ಅವನ ಆಸೆ. ಪೈ ರೆಕಾರ್ಡ್ಸ್ ಕಂಪನಿ ಒಪ್ಪಲಿಲ್ಲ. ಕೊನೆಗೆ ಹದಿನೈದಕ್ಕೆ ರಾಜಿಯಾಯಿತು. ಅಷ್ಟರಲ್ಲಿ ಫ್ರಾನ್ಸ್, ಸ್ವೀಡನ್ ಮುಂತಾದ ಕಡೆ ಹನ್ನೆರಡರದ್ದೇ ಅಂಗಡಿಗೆ ಹೋಗಿಬಿಟ್ಟಿತ್ತು. ಹೀಗೆ ಒಂದೇ ಆಲ್ಬಮಿಗೆ ಎರಡು ರೂಪ, ಮತ್ತು ಹುಟ್ಟದೇ ಹೋದ ಮೂರನೆಯದೊಂದು. ಹನ್ನೆರಡರ ಪಕ್ಷದವರು ಅದು ಬಿಗಿಯಾಗಿದೆ, ಒಂದೂ ಹೆಚ್ಚಿಲ್ಲ ಎನ್ನುತ್ತಾರೆ. ಹದಿನೈದರ ಪಕ್ಷದವರು ಸೇರಿಸಿದ ಐದು ಹಾಡುಗಳನ್ನು ಎಣಿಸಿ ತೋರಿಸುತ್ತಾರೆ. ‘ಬಿಗ್ ಸ್ಕೈ’, ‘ಲಾಸ್ಟ್ ಆಫ್ ದ ಸ್ಟೀಮ್-ಪವರ್ಡ್ ಟ್ರೇನ್ಸ್’ ಇಲ್ಲದ ಆಲ್ಬಮನ್ನು ಅವರು ಊಹಿಸಲೂ ಒಲ್ಲರು. ಬೀಟಲ್ಸಿಗೆ ಮೂವತ್ತು ಹಾಡಿಗೆ ಜಾಗ ಸಿಕ್ಕ ದಿನವೇ ಇವನಿಗೆ ಇಪ್ಪತ್ತಕ್ಕೆ ಸಿಗಲಿಲ್ಲವಲ್ಲ ಎಂಬ ಕೊರಗು ಮಾತ್ರ ಎರಡೂ ಪಕ್ಷಕ್ಕೆ ಸಮಾನ.

ಆ ಕೂಡಿಸಿ ಕಳೆಯುವ ಲೆಕ್ಕದಲ್ಲಿ ಹೊರಬಿದ್ದದ್ದು ‘ಡೇಸ್’. ಕಳೆದ ದಿನಗಳಿಗೆ ಕೃತಜ್ಞತೆ ಹೇಳುವ ಈ ಹಾಡು ಸಿಂಗಲ್ ಆಗಿ ಬಂದು ಹನ್ನೆರಡನೇ ಸ್ಥಾನಕ್ಕೇರಿತ್ತು. ಆ ವರ್ಷ ಅವರಿಗೆ ಸಿಕ್ಕ ಗೆಲುವು ಅದೊಂದೇ. ಅದರ ರೆಕಾರ್ಡಿಂಗ್ ವೇಳೆ ಬೇಸತ್ತ ಕ್ವೇಫ್ ಟೇಪಿನ ಡಬ್ಬಿಯ ಮೇಲೆ ಹಾಡಿನ ಹೆಸರನ್ನು ತಿರುಚಿ, ದಿನಗಳೆಂಬುದನ್ನು ಮಂಕು ಎಂಬರ್ಥ ಬರುವಂತೆ ಗೀಚಿದ್ದ. ರೇ ಕೂಗಾಡಿದ. ಕ್ವೇಫ್ ಎದ್ದು ಹೋದ. ಮರುವರ್ಷ ಅವನು ಬ್ಯಾಂಡನ್ನೇ ಬಿಟ್ಟ. ಹಾಗೆ ಬಿಟ್ಟವನೇ ಮುಂದೆ, ನಾಲ್ವರೂ ನಿಜವಾಗಿ ಕೈಜೋಡಿಸಿದ ಆಲ್ಬಮ್ ಎಂದರೆ ಇದೇ ಎಂದು ಅಭಿಮಾನದಿಂದ ನೆನೆಯುತ್ತಿದ್ದ.

ನಾಲ್ವರೇ ಎನ್ನುವುದಕ್ಕೂ ತಕರಾರಿದೆ. ಕೀಬೋರ್ಡಿನ ಹೆಚ್ಚಿನ ಭಾಗ ನುಡಿಸಿದವನು ಸ್ಟುಡಿಯೋ ಕಲಾವಿದ ನಿಕಿ ಹಾಪ್ಕಿನ್ಸ್. ತನಗೆ ಸಲ್ಲಬೇಕಾದ ಹೆಸರು ಸಿಗಲಿಲ್ಲ ಎಂಬ ನೋವು ಅವನಿಗೆ ಕೊನೆಯವರೆಗೂ ಇತ್ತು. ಹಿನ್ನೆಲೆಯಲ್ಲಿ ಕೇಳುವ ಎತ್ತರದ ಹೆಣ್ಣುದನಿ ರೇ ಪತ್ನಿ ರಾಸಾ ಅವರದು. ಆ ದನಿ ಇಲ್ಲದಿದ್ದರೆ ಆ ಕಾಲದ ಕಿಂಕ್ಸ್ ಹಾಡುಗಳಿಗೆ ಆ ಬಣ್ಣವೇ ಇರುತ್ತಿರಲಿಲ್ಲ. ಕಾಪಾಡುವ ಸಂಘವೇ ತನ್ನ ಕೆಲವು ಸದಸ್ಯರ ಹೆಸರು ಬರೆದಿಡಲು ಮರೆತದ್ದನ್ನು ಇಂದಿನ ಕೇಳುಗರು ಸುಮ್ಮನೆ ಬಿಡುವುದಿಲ್ಲ.

ಆದರೆ ಎಲ್ಲಕ್ಕಿಂತ ಬಿಸಿಯಾದ ವಾದ ಬೇರೆ. ಹಳೆಯದೆಲ್ಲ ಚೆನ್ನಾಗಿತ್ತು ಎನ್ನುವ ಆಲ್ಬಮ್ ಇದು. ಹಾಗಾದರೆ ಇದು ಹಿಂದಕ್ಕೆ ಮುಖ ಮಾಡಿದ, ಬದಲಾವಣೆಗೆ ಹೆದರುವ ಕೆಲಸವಲ್ಲವೇ? ಪ್ರಶ್ನೆ ಹಗುರದ್ದಲ್ಲ. ಅದೇ ಏಪ್ರಿಲಿನಲ್ಲಿ ರಾಜಕಾರಣಿ ಈನಕ್ ಪೋವೆಲ್ ಬರ್ಮಿಂಗ್‌ಹ್ಯಾಮಿನಲ್ಲಿ ವಲಸಿಗರ ವಿರುದ್ಧ ಕುಖ್ಯಾತ ಭಾಷಣ ಮಾಡಿದ್ದ. ಹಳೆಯ ಇಂಗ್ಲೆಂಡ್ ಕೈಬಿಟ್ಟು ಹೋಗುತ್ತಿದೆ ಎಂಬ ಮಾತಿಗೆ ಆಗ ಇನ್ನೊಂದು, ಕಹಿಯಾದ ಅರ್ಥವೂ ಇತ್ತು.

ಹಾಡುಗಳನ್ನು ಹತ್ತಿರದಿಂದ ಕೇಳಿದವರು ಇದಕ್ಕೆ ಉತ್ತರವನ್ನು ಅಲ್ಲೇ ಹುಡುಕುತ್ತಾರೆ. ಶೀರ್ಷಿಕೆ ಗೀತೆಯಲ್ಲಿ ಕಾಪಾಡಬೇಕಾದವುಗಳ ಪಟ್ಟಿಯಲ್ಲಿ ಡೊನಾಲ್ಡ್ ಡಕ್ ಇದೆ. ಆ ಬಾತುಕೋಳಿ ಅಮೆರಿಕದ್ದು. ಷರ್ಲಾಕ್ ಹೋಮ್ಸನ ಜೊತೆಗೆ ಅವನ ಶತ್ರು ಮೊರಿಯಾರ್ಟಿ ಇದ್ದಾನೆ, ಡ್ರಾಕುಲಾ ಇದ್ದಾನೆ. ಇಂಥ ಪಟ್ಟಿಯನ್ನು ಹಿಡಿದು ಯಾರೂ ಮೆರವಣಿಗೆ ಹೊರಡಲಾರರು. ‘ಡು ಯು ರಿಮೆಂಬರ್ ವಾಲ್ಟರ್’ ಹಾಡಿನಲ್ಲಿ ಬಾಲ್ಯದ ಗೆಳೆಯನನ್ನು ನೆನೆಯುವವನಿಗೆ ಗೊತ್ತು, ಈಗ ಎದುರಾದರೆ ಇಬ್ಬರಿಗೂ ಆಡಲು ಮಾತೇ ಇರುವುದಿಲ್ಲ ಎಂದು. ಉಗಿಬಂಡಿಯ ಹಾಡು ಬ್ಲೂಸ್ ಗಾಯಕ ಹೌಲಿನ್ ವುಲ್ಫನ ‘ಸ್ಮೋಕ್‌ಸ್ಟ್ಯಾಕ್ ಲೈಟ್ನಿಂಗ್’ನ ಲಯದ ಮೇಲೆ ಓಡುತ್ತದೆ. ಬ್ರಿಟಿಷ್ ರೈಲ್ವೆ ಮುಖ್ಯ ಮಾರ್ಗಗಳಲ್ಲಿ ಉಗಿಬಂಡಿಯ ಕೊನೆಯ ಪ್ರಯಾಣಿಕ ರೈಲನ್ನು ಓಡಿಸಿದ್ದು ಆ ಆಗಸ್ಟ್ 11ರಂದು. ಹಾಡು ರೆಕಾರ್ಡ್ ಆದದ್ದು ಅಕ್ಟೋಬರಿನಲ್ಲಿ. ಆದರೆ ಹಾಡಿನ ಬಂಡಿ ವಸ್ತುಸಂಗ್ರಹಾಲಯದಲ್ಲಿ ನಿಂತು ಕೊರಗುತ್ತದೆ. ಕಾಪಾಡಿಟ್ಟದ್ದು ಬದುಕಿದ್ದಂತಲ್ಲ ಎಂದು ಕಾಪಾಡುವ ಸಂಘದವರೇ ಹಾಡಿದಂತಾಯಿತು.

ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ‘ವಿಲೇಜ್ ಗ್ರೀನ್’ ಹಾಡಿನದೇ. ಅದನ್ನು ಹಾಡುವವನು ಹಳ್ಳಿಯಲ್ಲಿಲ್ಲ. ಹೆಸರು ಮಾಡಲು ಊರು ಬಿಟ್ಟವನು, ಜೊತೆಗೆ ಡೇಯ್ಸಿ ಎಂಬ ಹುಡುಗಿಯನ್ನೂ ಬಿಟ್ಟವನು. ಅವಳೀಗ ಕಿರಾಣಿ ಅಂಗಡಿಯ ಟಾಮ್‌ನನ್ನು ಮದುವೆಯಾಗಿದ್ದಾಳೆ. ಊರಿಗೆ ಅಮೆರಿಕದ ಪ್ರವಾಸಿಗರು ಬಂದು ಫೋಟೋ ತೆಗೆಯುತ್ತಾರೆ. ಅಂದರೆ ಹಳ್ಳಿಯನ್ನು ಚಿತ್ರವಾಗಿಸಿದವರಲ್ಲಿ ಪ್ರವಾಸಿಗರಂತೆ ಇವನೂ ಒಬ್ಬ. ಅಲ್ಲೇ ಉಳಿದ ಡೇಯ್ಸಿಗೆ ಹುಲ್ಲುಬಯಲು ಬರೀ ಬಯಲು; ಬಿಟ್ಟು ಬಂದವನಿಗೆ ಮಾತ್ರ ಅದು ಹಾಡು. ಊರು ಬಿಟ್ಟು ದೊಡ್ಡ ನಗರ ಸೇರಿದ ಯಾರಿಗೂ ಈ ಚುಚ್ಚು ತಾಗದೆ ಇರದು. ರೇ ತಾನು ಹಳ್ಳಿಯವನೂ ಅಲ್ಲ, ಲಂಡನ್ನಿನವನು. ಇದನ್ನೇ ಹಿಡಿದು ಒಂದು ಪಕ್ಷ ಇಡೀ ಆಲ್ಬಮ್ ಸುಳ್ಳು ಎನ್ನುತ್ತದೆ. ಇನ್ನೊಂದು ಪಕ್ಷ ಆ ಸುಳ್ಳನ್ನು ಅವನು ಮುಚ್ಚಿಟ್ಟಿಲ್ಲವಲ್ಲ, ಅದೇ ಇದರ ಪ್ರಾಮಾಣಿಕತೆ ಎನ್ನುತ್ತದೆ.

ಇಷ್ಟಾದರೂ ಒಪ್ಪದವರ ಮಾತಿನಲ್ಲಿ ಹುರುಳಿದೆ. ಸದ್ದು ತೆಳುವಾಗಿದೆ, ಅಂದಿನ ಬೇರೆ ಆಲ್ಬಮ್‌ಗಳ ಪಕ್ಕದಲ್ಲಿಟ್ಟರೆ ಸೊರಗುತ್ತದೆ. ಹಾರುವ ಬೆಕ್ಕಿನ ‘ಫಿನಾಮಿನಲ್ ಕ್ಯಾಟ್’ ಮಕ್ಕಳ ಪದ್ಯದ ಮಟ್ಟ ದಾಟುವುದಿಲ್ಲ. ‘ಮೋನಿಕಾ’ದ ಕೆರಿಬಿಯನ್ ಧಾಟಿ ಎರವಲು ಅಂಗಿಯಂತಿದೆ. ಒಂದು ಕುಟುಂಬದ ಕಥೆಯನ್ನು ಗಟ್ಟಿಯಾಗಿ ಹಿಡಿದ, ಮರುವರ್ಷದ ‘ಆರ್ಥರ್’ ಇದಕ್ಕಿಂತ ಮೇಲು ಎಂಬ ಪಕ್ಷವೂ ದೊಡ್ಡದೇ. ಅಭಿಮಾನಿಗಳ ನಡುವೆ ಇದನ್ನು ಆಡುವುದು ಅಪಚಾರವಲ್ಲ. ಕುರುಡು ಭಕ್ತಿಯಿಂದ ಹೊತ್ತು ಮೆರೆಸಿದ್ದರೆ ಆಲ್ಬಮ್ ಯಾವಾಗಲೋ ಗೂಡು ಸೇರುತ್ತಿತ್ತು. ಜಗಳವಿದ್ದುದರಿಂದ ಜನ ಮತ್ತೆ ಮತ್ತೆ ತೆಗೆದು ಕೇಳಿದರು.

ಅಮೆರಿಕದ ರಿಪ್ರೈಸ್ ಕಂಪನಿ 1969ರಲ್ಲಿ ‘ಗಾಡ್ ಸೇವ್ ದ ಕಿಂಕ್ಸ್’ ಎಂಬ ಪ್ರಚಾರ ನಡೆಸಿ, ಹುಲ್ಲುಬಯಲಿನದೆಂದು ಒಂದು ಸಣ್ಣ ಚೀಲದಲ್ಲಿ ಹುಲ್ಲನ್ನೂ ಹಂಚಿತು. ಆಲ್ಬಮಿನ ಕಡೆಗೆ ಜನ ನಿಜವಾಗಿ ಬಂದದ್ದು ತಲೆಮಾರುಗಳ ನಂತರ. ತೊಂಬತ್ತರ ದಶಕದಲ್ಲಿ ಬ್ಲರ್‌ನಂಥ ಬ್ರಿಟಿಷ್ ಬ್ಯಾಂಡ್‌ಗಳು ರೇಯನ್ನು ಹಿರಿಯನೆಂದು ಒಪ್ಪಿಕೊಂಡವು. 2004ರಲ್ಲಿ ‘ಪಿಕ್ಚರ್ ಬುಕ್’ ಎಚ್‌ಪಿ ಕಂಪನಿಯ ಜಾಹೀರಾತಿಗೆ ಹೋಯಿತು. ಮನೆಯ ಫೋಟೋ ಆಲ್ಬಮನ್ನು ಅನುಮಾನದಿಂದ ತಿರುವಿಹಾಕುವ ಹಾಡು ಫೋಟೋ ಮುದ್ರಿಸಿಕೊಳ್ಳಿ ಎನ್ನಲು ಬಳಕೆಯಾದದ್ದನ್ನು ಹಳೆಯ ಅಭಿಮಾನಿಗಳು ನಗುತ್ತಲೇ ಸಹಿಸಿಕೊಂಡರು. 2018ರಲ್ಲಿ, ಬಿಡುಗಡೆಯಾಗಿ ಐವತ್ತು ವರ್ಷಕ್ಕೆ, ಬ್ರಿಟನ್ನಿನಲ್ಲಿ ಒಂದು ಲಕ್ಷ ಪ್ರತಿಗಳ ಗುರುತಾದ ಗೋಲ್ಡ್ ಮನ್ನಣೆ ಬಂತು. ಕ್ವೇಫ್ ಅಷ್ಟರಲ್ಲಿ ಇರಲಿಲ್ಲ, 2010ರಲ್ಲೇ ತೀರಿಕೊಂಡಿದ್ದ.

ಅಭಿಮಾನಿ ಸಂಘದವರು ಹಲವು ವರ್ಷಗಳಿಂದ ವರ್ಷಕ್ಕೊಮ್ಮೆ ಸೇರುತ್ತ ಬಂದಿರುವುದು ಯಾವ ಹಳ್ಳಿಯ ಬಯಲಿನಲ್ಲೂ ಅಲ್ಲ, ಉತ್ತರ ಲಂಡನ್ನಿನ ಟಫ್ನೆಲ್ ಪಾರ್ಕಿನ ಒಂದು ಪಬ್ಬಿನಲ್ಲಿ. ಬ್ಯಾಂಡಿನ ಹಳೆಯ ಸದಸ್ಯರು ಅಲ್ಲಿ ನುಡಿಸಿದ್ದಾರೆ. ಡ್ರಮ್ಸಿನ ಹಿಂದೆ ಮಿಕ್ ಏವರಿಯೇ ಕೂತಿದ್ದಿದೆ. ಹನ್ನೆರಡೋ ಹದಿನೈದೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ.