ಚೋಮನ ಮೈ, ವೆಂಕಯ್ಯನ ಮೈ

ಎಂ.ವಿ. ವಾಸುದೇವರಾವ್ ಅಂದರೆ ಚೋಮ, ಅಷ್ಟೇ ಅನ್ನುವ ಹಾಗಾಗಿದೆ. ರಂಗಭೂಮಿಯಿಂದ ಬಂದ ಈ ನಟ ಬಿ.ವಿ. ಕಾರಂತರ ‘ಚೋಮನ ದುಡಿ’ಯ (1975) ಅಭಿನಯಕ್ಕೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಪಡೆದರು; ಚಿತ್ರಕ್ಕೆ ಸ್ವರ್ಣಕಮಲ ಬಂತು. ಪ್ರಶಸ್ತಿಯ ಮಾತು ಇಷ್ಟು ಸಾಕು. ನಾವು ಕೇಳಬೇಕಾದ್ದು ಬೇರೆ: ತೆರೆಯ ಮೇಲೆ ಹೊಲೆಯನ ಮೈ ಯಾರ ಕಣ್ಣಿಗೆ ಹೇಗೆ ಕಂಡಿತು?

ಶಿವರಾಮ ಕಾರಂತರ ಕಾದಂಬರಿ 1933ರದು. ಚೋಮನಿಗೆ ಎತ್ತುಗಳಿವೆ, ಉಳಲು ನೆಲವಿಲ್ಲ. ಒಡೆಯನೆದುರು ನುಂಗಿಕೊಂಡ ಮಾತೆಲ್ಲ ಗುಡಿಸಲಲ್ಲಿ ದುಡಿಯಾಗಿ ಹೊರಬೀಳುತ್ತದೆ. ವಾಸುದೇವರಾವ್ ಈ ನುಂಗುವಿಕೆಯನ್ನೇ ಅಭಿನಯಿಸಿದರು. ಚಿತ್ರ ಬರುವ ಹಿಂದಿನ ವರ್ಷ, 1974ರಲ್ಲಿ, ಅರಸು ಸರ್ಕಾರ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ತಂದಿತ್ತು. ಉಳುವವನೇ ಹೊಲದೊಡೆಯ ಅಂತ ಘೋಷಣೆ. ಆದರೆ ನೆಲ ಸಿಕ್ಕಿದ್ದು ಗೇಣಿದಾರನಿಗೆ. ಚೋಮ ಗೇಣಿದಾರನೇ ಅಲ್ಲವಲ್ಲ! ಅವನು ಸಾಲಕ್ಕೆ ಬಿದ್ದ ಆಳು. ಅಂಥವನು ಯಾವ ಭೂನ್ಯಾಯಮಂಡಳಿಗೆ ಏನಂತ ಅರ್ಜಿ ಹಾಕಬೇಕಿತ್ತು? 1933ರ ಚೋಮ 1975ರಲ್ಲೂ ನೆಲವಿಲ್ಲದೆಯೇ ಸಾಯುತ್ತಿದ್ದ.

ಕತೆ ಬರೆದವರು, ಚಿತ್ರ ತೆಗೆದವರು ಇಬ್ಬರೂ ಬ್ರಾಹ್ಮಣರು. ಅವರ ಪ್ರಾಮಾಣಿಕತೆ ಬಗ್ಗೆ ನನಗೆ ತಕರಾರಿಲ್ಲ. ತಕರಾರಿರೋದು ಆ ಸಾವಿನ ಬಗ್ಗೆ. ಒಂಟಿಯಾಗಿ ದುಡಿ ಬಡಿದು ಸತ್ತ ಹೊಲೆಯನನ್ನು ಕಂಡು ಮರುಗುವುದು ಸುಲಭ. ಮರುಗಿ ಮನೆಗೆ ಹೋಗಬಹುದು. ಅದೇ 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂತು. ಅಲ್ಲಿನ ಹೊಲೆಯ ಮರುಕ ಬೇಡಲಿಲ್ಲ, ಲೆಕ್ಕ ಕೇಳಿದ.

ನಮ್ಮ ವಿಮರ್ಶಕರು ಹೆಚ್ಚು ಗಮನಿಸದ ಮಾತೊಂದಿದೆ. ಎರಡೇ ವರ್ಷದಲ್ಲಿ ಇದೇ ನಟ ಮೃಣಾಲ್ ಸೇನರ ತೆಲುಗು ಚಿತ್ರ ‘ಒಕ ಊರಿ ಕಥಾ’ದಲ್ಲಿ (1977) ವೆಂಕಯ್ಯನಾದರು. ಇದರ ಮೂಲ ಪ್ರೇಮಚಂದರ ‘ಕಫನ್’. ಮೂಲದಲ್ಲಿ ಅಪ್ಪ-ಮಗ ಚಮಾರರು. ಸೊಸೆ ಹೆರಿಗೆ ನೋವಿನಲ್ಲಿ ಸಾಯುತ್ತಿದ್ದರೂ ಅಲುಗದ ಸೋಮಾರಿಗಳು, ಹೆಣದ ಬಟ್ಟೆಯ ದುಡ್ಡನ್ನೂ ಕುಡಿದವರು. ದಲಿತರನ್ನು ಹೀಗಾ ಚಿತ್ರಿಸೋದು ಅಂತ ಹಿಂದಿಯ ದಲಿತ ಲೇಖಕರು ಸಿಟ್ಟಾದದ್ದು ನ್ಯಾಯವೇ. ಸೇನರ ವೆಂಕಯ್ಯ ಮಾತ್ರ ಸೋಮಾರಿತನಕ್ಕೆ ವಾದ ಹೂಡುತ್ತಾನೆ: ದುಡಿದರೆ ಕೊಬ್ಬುವವನು ಒಡೆಯ, ಮತ್ತೆ ಯಾಕೆ ದುಡೀಬೇಕು?

ಚೋಮ ದುಡಿಯಲು ನೆಲ ಬೇಡುತ್ತಾನೆ, ವೆಂಕಯ್ಯ ದುಡಿಮೆಯನ್ನೇ ಒಲ್ಲೆ ಅನ್ನುತ್ತಾನೆ. ಒಬ್ಬನೇ ನಟನ ಮೈಯಲ್ಲಿ ಈ ಎರಡೂ! ಆದರೂ ವೆಂಕಯ್ಯನ ಒಲ್ಲೆತನಕ್ಕೆ ಬಲಿಯಾದವಳು ಒಡೆಯನಲ್ಲ, ಬಸುರಿ ಸೊಸೆ. ಚೋಮನ ಮನೆಯಲ್ಲೂ ಎಸ್ಟೇಟಿನವನ ಕೈಗೆ ಸಿಕ್ಕವಳು ಮಗಳು ಬೆಳ್ಳಿ.