ಮನೆ ಸಾಗಣೆ ಸಂಸ್ಥೆಗಳು (ಇಂಗ್ಲೆಂಡ್)
ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರ್, ಲೀಡ್ಸ್ ಮೊದಲಾದ ನಗರಗಳಲ್ಲಿ ಮನೆ ಬದಲಿಸುವವರ ಸಾಮಾನನ್ನು ಬಾಡಿಗೆಗೆ ಸಾಗಿಸುವ ಸಂಸ್ಥೆಗಳು. ಈ ವೃತ್ತಿಗೆಂದೇ ಪ್ರತ್ಯೇಕ ಪರವಾನಗಿ ಇಲ್ಲ. ಆದರೆ ಸರಕು ವಾಹನಗಳ 1995ರ ಕಾಯ್ದೆಯಂತೆ, ಒಟ್ಟು ತೂಕ 3.5 ಟನ್ ಮೀರುವ ಲಾರಿಗೆ ಟ್ರಾಫಿಕ್ ಕಮಿಷನರ್ ನೀಡುವ ಆಪರೇಟರ್ ಪರವಾನಗಿ ಕಡ್ಡಾಯ. ಈ ಪರವಾನಗಿಯ ಗುರುತಾದ ಮುಂಗಾಜಿನ ಬಿಲ್ಲೆ ನೀಲಿಯಾಗಿದ್ದರೆ ದೇಶದೊಳಗಿನ ಬಾಡಿಗೆ ಸಾಗಣೆಗೆ, ಹಸಿರಾಗಿದ್ದರೆ ಹೊರದೇಶಕ್ಕೂ ಅನುಮತಿ ಇದೆಯೆಂದರ್ಥ. ಕಿತ್ತಳೆ ಬಿಲ್ಲೆ ಸ್ವಂತ ಸರಕಿಗೆ ಮಾತ್ರ. ಹಳೆಯ ಸೋಫಾ, ಮಂಚಗಳನ್ನು ವಿಲೇವಾರಿಗೆ ಒಯ್ಯುವವರು ಪರಿಸರ ಏಜೆನ್ಸಿಯಲ್ಲಿ ತ್ಯಾಜ್ಯ ಸಾಗಣೆದಾರರಾಗಿ ನೋಂದಾಯಿಸಿರಬೇಕು. 1900ರಲ್ಲಿ ಸ್ಥಾಪನೆಯಾದ ಬ್ರಿಟಿಷ್ ಅಸೋಸಿಯೇಷನ್ ಆಫ್ ರಿಮೂವರ್ಸ್ ಎಂಬ ಸಾಗಣೆದಾರರ ಸಂಘದ ಸದಸ್ಯತ್ವ ಐಚ್ಛಿಕ. ಮುಂಗಡ ಕೊಡುವ ಮುನ್ನ ಗ್ರಾಹಕರು ಪರವಾನಗಿಯ ಸಾರ್ವಜನಿಕ ದಾಖಲೆಯಲ್ಲೂ, ನೋಂದಾಯಿತ ಕಂಪನಿಯಾದರೆ ಕಂಪನೀಸ್ ಹೌಸ್‌ನಲ್ಲೂ ಹೆಸರು, ವಿಳಾಸ ತಾಳೆ ನೋಡಬೇಕು. ವಿಮೆಯ ವಿವರವನ್ನು ಲಿಖಿತವಾಗಿಯೇ ಪಡೆಯಬೇಕು.